ಬಿ.ಎ. ಇತಿಹಾಸದ ಕಿರುಪ್ರಬಂಧಕ್ಕೆ ಕನಿಷ್ಠ ಎಷ್ಟು ಮೂಲ ಆಕರಗಳು ಬೇಕು?

ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಬಗ್ಗೆ ಬರೆಯುತ್ತಿದ್ದೇನೆ, ಎಷ್ಟು ಮೂಲ ಆಕರಗಳಿದ್ದರೆ (ಆ ಕಾಲದವರೇ ಬರೆದ, ಹೇಳಿದ ದಾಖಲೆಗಳು) ಸಾಕು, ಅಜ್ಜಿ ಹೇಳುವ ನೆನಪುಗಳನ್ನೂ ಆಕರವೆಂದು ಸೇರಿಸಬಹುದೇ ಎಂದು ಕೇಳಿದ್ದೀರಿ. ಅಂತಿಮ ವರ್ಷದಲ್ಲಿ ನಾನೂ ಇದೇ ಲೆಕ್ಕ ಹಾಕುತ್ತ ಕುಳಿತಿದ್ದೆ.

ನನ್ನ ಊರು ಶಿರಸಿ ತಾಲೂಕಿನ ಒಂದು ಹಳ್ಳಿ. ನಾನು ಆರಿಸಿಕೊಂಡ ವಿಷಯ ಸೊಪ್ಪಿನ ಬೆಟ್ಟ. ಅಡಿಕೆ ತೋಟದ ಗೊಬ್ಬರಕ್ಕೆಂದು ಸೊಪ್ಪು ಕಡಿದು ತರುವ ಕಾಡಿನ ಪಾಲನ್ನು ನಮ್ಮ ಕಡೆ ಬೆಟ್ಟ ಎನ್ನುತ್ತಾರೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಲೆಕ್ಕವನ್ನು ಮನೆಯ ಹಿರಿಯರು ಮಗ್ಗಿಯಂತೆ ಹೇಳುತ್ತಿದ್ದರು. ಕಾಡಿನ ಮೇಲೆ ಸರಕಾರದ ಹಿಡಿತ ಬಿಗಿಗೊಳಿಸಿದ 1878ರ ಅರಣ್ಯ ಕಾಯ್ದೆ ಬಂದ ಮೇಲೆ ತೋಟಿಗರು ಈ ಬೆಟ್ಟವನ್ನು ತಮ್ಮ ಹಕ್ಕು ಎಂದು ಭಾವಿಸಿದ್ದರೇ ಅಥವಾ ಸರಕಾರ ಕೊಟ್ಟ ಸವಲತ್ತು ಎಂದು ಒಪ್ಪಿಕೊಂಡಿದ್ದರೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ಪ್ರಶ್ನೆ ಒಳ್ಳೆಯದಿತ್ತು ಎಂದು ಈಗಲೂ ನಂಬಿದ್ದೇನೆ.

1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಆ ಕಾಲದ ಕಾಗದಪತ್ರಗಳನ್ನು ಮುಂಬಯಿಯಲ್ಲೇ ಹುಡುಕಬೇಕಿತ್ತು. ಕುಮಟಾದಲ್ಲಿ ರೈಲು ಹತ್ತಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ ಹೋದೆ. ಕೈಯಲ್ಲಿದ್ದದ್ದು ನಾಲ್ಕೇ ದಿನ. ಮಾರ್ಗದರ್ಶಕರು ಇಪ್ಪತ್ತು ಆಕರಗಳಾದರೂ ಇರಲಿ ಎಂದಿದ್ದರು. ನಾನು ಮೂವತ್ತು ತರುತ್ತೇನೆಂದು ಹಟ ತೊಟ್ಟೆ. ಒಂದು ಸಂಪುಟ ತೆರೆಯುವುದು, ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಹೆಸರು ಕಂಡ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಸಾಲುಗಳನ್ನು ನಕಲು ಮಾಡಿಕೊಳ್ಳುವುದು, ಮುಂದಿನ ಸಂಪುಟಕ್ಕೆ ಚೀಟಿ ಬರೆದುಕೊಡುವುದು, ಹೀಗೆಯೇ ನಾಲ್ಕು ದಿನವೂ ಕಳೆಯಿತು.

ನನ್ನ ತಪ್ಪು ನಡೆದದ್ದು ಇಲ್ಲೇ. ಮೂರನೆಯ ದಿನ ಮಧ್ಯಾಹ್ನ ಶಿರಸಿ ಕಡೆಯ ತೋಟಿಗರ ಅರ್ಜಿಯೊಂದರ ವಿಷಯವುಳ್ಳ ಇಂಗ್ಲಿಷ್ ಹಾಳೆ ಸಿಕ್ಕಿತು. ಬೆಟ್ಟವನ್ನು ಸವಲತ್ತು ಎಂಬ ಅರ್ಥದ ಪದದಿಂದಲೇ ಅದರಲ್ಲಿ ಕರೆಯಲಾಗಿತ್ತು. ನಾನು ಸಂಭ್ರಮದಿಂದ ಇಡೀ ಪ್ಯಾರಾವನ್ನು ಇಳಿಸಿಕೊಂಡು, ಮೇಲ್ಗಡೆ ‘ತೋಟಿಗರ ಅರ್ಜಿ, ಪುಟ 117’ ಎಂದಷ್ಟೇ ಬರೆದೆ. ಯಾವ ಇಲಾಖೆಯ ಕಡತ, ಯಾವ ವರ್ಷದ್ದು, ಎಷ್ಟನೆಯ ಸಂಪುಟ ಎಂಬುದನ್ನು ಬರೆದುಕೊಳ್ಳಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಆ ಹಾಳೆಯನ್ನು ಯಾರು ಯಾರಿಗೆ ಬರೆದರು ಎಂದು ನೋಡಲು ಹಿಂದಿನ ಎರಡು ಪುಟಗಳನ್ನೂ ಮುಂದಿನ ಎರಡು ಪುಟಗಳನ್ನೂ ತಿರುವಲಿಲ್ಲ. ಅದು ಅರ್ಜಿಯ ವಿಷಯವುಳ್ಳ ಹಾಳೆಯೇ ಹೊರತು ಅರ್ಜಿಯೇ ಎಂದು ಎಲ್ಲಿಯೂ ಬರೆದಿರಲಿಲ್ಲ. ಅರ್ಜಿ ಎಂದು ಹೆಸರಿಟ್ಟವನು ನಾನು. ಊರಿಗೆ ಬಂದು, ತೋಟಿಗರೇ ತಮ್ಮ ಬಾಯಿಂದ ಅದನ್ನು ಸವಲತ್ತು ಎಂದು ಒಪ್ಪಿಕೊಂಡಿದ್ದರು ಎಂಬ ವಾದದ ಮೇಲೆ ಇಪ್ಪತ್ತೆರಡು ಪುಟಗಳ ಅಧ್ಯಾಯ ಕಟ್ಟಿದೆ. ಆ ಪುಟಗಳಿಗೆಲ್ಲ ಆಧಾರ ಆ ಒಂದು ಪದ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆ ಅಧ್ಯಾಯವನ್ನು ತೆರೆದು ಕೇಳಿದ್ದು ಇಷ್ಟೇ: “ನಿಮ್ಮ ತೋಟಿಗರು ಇಂಗ್ಲಿಷಿನಲ್ಲಿ ಅರ್ಜಿ ಬರೆದರೇ?” ನನ್ನ ಬಳಿ ಉತ್ತರವಿರಲಿಲ್ಲ. ಅಡಿಟಿಪ್ಪಣಿಯಲ್ಲಿ ಸಂಪುಟದ ಸಂಖ್ಯೆ ಇಲ್ಲದ್ದರಿಂದ ನೋಡಿ ಹೇಳುತ್ತೇನೆ ಎನ್ನುವಂತೆಯೂ ಇರಲಿಲ್ಲ. ಮೊದಲ ದರ್ಜೆ ಅಲ್ಲಿಗೇ ತಪ್ಪಿತು.

ಎರಡು ವರ್ಷಗಳ ಬಳಿಕ ಬೇರೆ ಕೆಲಸಕ್ಕೆ ಮುಂಬಯಿಗೆ ಹೋದಾಗ ಆ ಹಾಳೆಯನ್ನು ಮತ್ತೆ ಹುಡುಕಿದೆ. ಸಂಖ್ಯೆ ಗೊತ್ತಿದ್ದರೆ ಅರ್ಧ ಗಂಟೆಯ ಕೆಲಸ; ನನಗೆ ಐದು ದಿನ ಬೇಕಾಯಿತು. ಅದು ಒಬ್ಬ ಅಧಿಕಾರಿ ಮೇಲಿನವರಿಗೆ ಬರೆದ ಟಿಪ್ಪಣಿಯಾಗಿತ್ತು. ಕನ್ನಡದ ಅರ್ಜಿಯ ಸಾರವನ್ನು ಅವನು ತನ್ನ ಮಾತಿನಲ್ಲಿ ಕೊಟ್ಟಿದ್ದ; ಸವಲತ್ತು ಎಂಬುದು ಅವನ ಪದ. ತೋಟಿಗರು ಯಾವ ಪದ ಬಳಸಿದ್ದರೋ ಅದು ಆ ಕಡತದಲ್ಲಿ ಇರಲೇ ಇಲ್ಲ. ಹಕ್ಕೋ ಸವಲತ್ತೋ ಎಂಬುದೇ ನನ್ನ ಪ್ರಶ್ನೆಯಾಗಿದ್ದಾಗ, ಅಧಿಕಾರಿಯ ಉತ್ತರವನ್ನು ನಮ್ಮ ಹಿರಿಯರ ಬಾಯಿಗೆ ತುರುಕಿದವನು ನಾನೇ. ಅಂಕ ಹೋದದ್ದಕ್ಕಿಂತ ಇದು ಇಂದಿಗೂ ಹೆಚ್ಚು ನೋಯಿಸುತ್ತದೆ.

ಆದ್ದರಿಂದ ಎಷ್ಟು ಆಕರಗಳು ಎಂಬ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಒಂದು ಕಡತವನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿ, ಪ್ರತಿ ಹಾಳೆಯನ್ನೂ ಯಾರು, ಯಾರಿಗೆ, ಯಾವ ದಿನ, ಏಕೆ ಬರೆದರು ಎಂದು ಹೇಳಬಲ್ಲಿರಾದರೆ ಬಿ.ಎ. ಮಟ್ಟದ ಪ್ರಬಂಧಕ್ಕೆ ಅದು ಬೇಕಾದಷ್ಟಾಯಿತು. ಮೂಲ ಆಕರ ಎಂಬುದೂ ಕಾಗದಕ್ಕೆ ಅಂಟಿಕೊಂಡು ಬರುವ ಗುಣವಲ್ಲ. 1883ರ ಕಾನಡಾ (ಇಂದಿನ ಉತ್ತರ ಕನ್ನಡ) ಜಿಲ್ಲೆಯ ಗೆಜೆಟಿಯರನ್ನೇ, ಅಂದರೆ ಬ್ರಿಟಿಷ್ ಸರಕಾರ ಹೊರತಂದ ಜಿಲ್ಲಾ ವಿವರಗಳ ಪುಸ್ತಕವನ್ನೇ ನೋಡಿ: ಬ್ರಿಟಿಷರಿಗೂ ಮೊದಲು ಶಿರಸಿ ಕಡೆ ಆಳಿದ ಸೋಂದೆಯ ಅರಸರ ಬಗ್ಗೆ ಬರೆಯುವವರಿಗೆ ಅದು ಬಹಳ ತಡವಾಗಿ ಬಂದ ಪುಸ್ತಕ, ಬ್ರಿಟಿಷ್ ಅಧಿಕಾರಿಗಳು ನಮ್ಮ ಜನರನ್ನು ಹೇಗೆ ಕಂಡರು ಎಂದು ಬರೆಯುವವರಿಗೆ ಅದೇ ಮೂಲ ಆಕರ.

ನಿಮ್ಮ ವಿಷಯದಲ್ಲಿ, 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದ ಆ ಒಂದು ದಿನವನ್ನಷ್ಟೇ ಹಿಡಿದುಕೊಳ್ಳಿ. ಮುಂಬಯಿ ಸರಕಾರದ ಗೃಹ ಇಲಾಖೆಯ ವಿಶೇಷ ಕಡತಗಳಲ್ಲಿ, ಆ ವಾರದ ಪತ್ರಿಕೆಗಳಲ್ಲಿ, ಭಾಗವಹಿಸಿದವರು ಎಷ್ಟೋ ವರ್ಷಗಳ ಬಳಿಕ ಹೇಳಿದ ನೆನಪುಗಳಲ್ಲಿ ಆ ದಿನದ ಬಗ್ಗೆ ಏನು ಸಿಗುತ್ತದೆಂದು ಹುಡುಕಿ, ಸಿಕ್ಕಿದ್ದನ್ನು ಅಕ್ಕಪಕ್ಕದಲ್ಲಿಟ್ಟು ಓದಿ. ಎಲ್ಲಿ ಒಂದರ ಮಾತು ಇನ್ನೊಂದಕ್ಕೆ ಹೊಂದುವುದಿಲ್ಲವೋ ನಿಮ್ಮ ಪ್ರಬಂಧ ಅಲ್ಲಿಂದ ಶುರುವಾಗಬೇಕು. ಹೋಗುವಾಗ ಕಾಲೇಜಿನ ಪತ್ರ ಇಟ್ಟುಕೊಳ್ಳಿ. ಫೋಟೊ ತೆಗೆಯಲು ಅನುಮತಿ ಸಿಕ್ಕರೆ ಮೊದಲ ಫೋಟೊ ಕಡತದ ರಟ್ಟಿನದೇ ಆಗಿರಲಿ.

ಇನ್ನು ಅಜ್ಜಿಯ ಮಾತು. ಖಂಡಿತ ಸೇರಿಸಿ, ಆದರೆ ಅಂಕೋಲೆಯಲ್ಲಿ ನಡೆದದ್ದಕ್ಕೆ ಸಾಕ್ಷಿ ಎಂದಲ್ಲ. ಅವರು ಅದನ್ನು ಕಣ್ಣಾರೆ ಕಂಡವರಲ್ಲ, ತಂದೆಯಿಂದ ಕೇಳಿದವರು ಎಂದು ನೀವೇ ಬರೆದಿದ್ದೀರಿ. ನಿಮ್ಮ ಮನೆ ಆ ದಿನವನ್ನು ಹೇಗೆ ನೆನಪಿಟ್ಟುಕೊಂಡಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಕರವಿಲ್ಲ. ಮುಂಬಯಿಯ ಕಡತಗಳು ಇನ್ನೂ ಕಾಯುತ್ತವೆ. ಮೊದಲು ಅಜ್ಜಿಯ ಬಳಿ ಕುಳಿತು, ಅವರಾಡಿದ ಪದಗಳನ್ನು ತಿದ್ದದೆ ಹಾಗೆಯೇ ಬರೆದುಕೊಂಡು, ಕೆಳಗೆ ದಿನಾಂಕವನ್ನೂ ಊರನ್ನೂ ಹಾಕಿ.