ಪುಣೆಗೆ ಬರುತ್ತಿರುವ ತಂಗಿಗೆ: ರೇಷನ್, ಓಟು, ಮೊಬೈಲು, ಗುಡ್ಡ

ತಂಗಿ, ನೀನು ಕೇಳಿದ್ದನ್ನೆಲ್ಲ ಓದಿದೆ. ನಿಮ್ಮ ಮನೆಯವರಿಗೆ ಚಾಕಣದ ಕಾರ್ಖಾನೆಯಲ್ಲಿ ಮಶೀನ್ ಆಪರೇಟರ್ ಕೆಲಸ ಸಿಕ್ಕಿದೆ. ಗದಗ ಬಿಟ್ಟು ನೀನು, ಮಗಳು, ಅತ್ತೆಯವರು ಎಲ್ಲರೂ ಬರುತ್ತಿದ್ದೀರಿ. ಊರಲ್ಲಿ ಸಿಗುತ್ತಿದ್ದ ಸರ್ಕಾರದ ಸವಲತ್ತು ಏನಾಗುತ್ತದೆ, ಓಟು ಎಲ್ಲಿರಬೇಕು, ಬೆಳಗಾವಿ ಗಲಾಟೆ ಎದ್ದರೆ ನಮಗೆ ತೊಂದರೆನಾ, ಎಲ್ಲ ಕೆಲಸ ಮೊಬೈಲಿನಲ್ಲೇ ಆಗುತ್ತದಂತೆ ಹೌದಾ, ರಜೆ ದಿನ ಎಲ್ಲಿಗೆ ಹೋಗೋದು ಅಂತ ಕೇಳಿದ್ದೀಯ. ನಾನು ಧಾರವಾಡದವಳು. ಮದುವೆಯಾಗಿ ಇಲ್ಲಿಗೆ ಬಂದೆ, ಈಗ ಪುಣೆ ಪಕ್ಕದ ಪಿಂಪ್ರಿ-ಚಿಂಚವಡದ ನಿಗಡಿಯೇ ನನ್ನೂರು. ಗೊತ್ತಿದ್ದಷ್ಟು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಇಲ್ಲಿ ಅರ್ಧ, ಊರಲ್ಲಿ ಅರ್ಧ ಅಂತ ಇರಬೇಡ. ಮನಸ್ಸಿನ ಮಾತಲ್ಲ, ಕಾಗದಪತ್ರದ ಮಾತು. ಎಷ್ಟೋ ಜನ ನಮ್ಮವರು ವರ್ಷಗಟ್ಟಲೆ ಇಲ್ಲಿ ದುಡಿದರೂ ಕಾರ್ಡು, ಓಟು, ವಿಳಾಸ ಎಲ್ಲವನ್ನೂ ಊರಲ್ಲೇ ಇಟ್ಟುಕೊಂಡಿದ್ದಾರೆ. ಜ್ವರ ಬಂದಾಗ, ಮಗುವನ್ನು ಶಾಲೆಗೆ ಸೇರಿಸುವಾಗ, ನಲ್ಲಿಯಲ್ಲಿ ನೀರು ಬರದಾಗ ಇಲ್ಲಿ ಕೇಳುವ ಹಕ್ಕಿನ ಕಾಗದ ಅವರ ಕೈಯಲ್ಲಿ ಇರುವುದಿಲ್ಲ. ಊರಿನ ಸವಲತ್ತು ಅಷ್ಟು ದೂರದಿಂದ ಉಪಯೋಗಕ್ಕೂ ಬರುವುದಿಲ್ಲ.

ಹಾಗಾಗಿ ಮನೆ ಬಾಡಿಗೆಯಿಂದಲೇ ಶುರು ಮಾಡು. ನಮ್ಮ ಕಡೆ ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಬರೆದರೆ ಮುಗಿಯಿತು. ಇಲ್ಲಿ ಅದಕ್ಕೆ ಲೀವ್ ಆ್ಯಂಡ್ ಲೈಸೆನ್ಸ್ ಅಂತಾರೆ, ನೋಂದಣಿ ಮಾಡಿಸಲೇಬೇಕು. 1999ರ ಬಾಡಿಗೆ ಕಾಯ್ದೆಯಲ್ಲೇ ಹಾಗಿದೆ. ಏಜೆಂಟ್ ಮನೆಗೇ ಬಂದು ಹೆಬ್ಬೆಟ್ಟು, ಫೋಟೋ ತಗೊಂಡು ಆನ್‌ಲೈನಿನಲ್ಲಿ ಮಾಡಿಕೊಡುತ್ತಾನೆ. ಕೆಲವು ಮಾಲೀಕರು ಖರ್ಚು ಯಾಕೆ, ಸುಮ್ನೆ ಬರೆದುಕೊಳ್ಳೋಣ ಅಂತಾರೆ. ಒಪ್ಪಬೇಡ. ಆಧಾರ್ ವಿಳಾಸ ಬದಲಿಸಲು, ಗ್ಯಾಸ್ ತಗೊಳ್ಳಲು, ಬ್ಯಾಂಕಿಗೆ, ಶಾಲೆಗೆ ಎಲ್ಲಕ್ಕೂ ಮುಂದೆ ಆ ಕಾಗದವೇ ಬೇಕು. ಪೊಲೀಸ್ ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಡುವುದನ್ನೂ ಆಗಲೇ ಮುಗಿಸಿಬಿಡಿ.

ಮನೆ ನೋಡುವಾಗ ನೀರಿನ ವಿಷಯ ಕೇಳದೆ ಮುಂಗಡ ಕೊಡಬೇಡಿ. ಪಿಂಪ್ರಿ-ಚಿಂಚವಡದಲ್ಲಿ ಪವನಾ ಅಣೆಕಟ್ಟಿನ ನೀರು. 2019ರ ಕೊನೆಯಲ್ಲಿ ದಿನ ಬಿಟ್ಟು ದಿನ ಬಿಡುವುದಕ್ಕೆ ಶುರು ಮಾಡಿದರು, ಅದು ವರ್ಷಗಟ್ಟಲೆ ಹಾಗೆಯೇ ನಡೆಯಿತು. ಅಂಚಿನ ಬಡಾವಣೆಗಳಲ್ಲಂತೂ ಟ್ಯಾಂಕರೇ ಗತಿ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಿರ್ಕಟವಾಡಿ, ನಾಂದೇಡ ಕಡೆ ನರಗಳಿಗೆ ತಗಲುವ ಗಿಯಾನ್ ಬಾರೆ ಕಾಯಿಲೆ ಹಬ್ಬಿದಾಗ ಮೊದಲು ಅನುಮಾನ ಬಂದಿದ್ದು ಕುಡಿಯುವ ನೀರಿನ ಮೇಲೆ. ಚಿಕ್ಕ ಮಗು ಇರುವ ಮನೆ ನಿಮ್ಮದು. ಟ್ಯಾಂಕರ್ ನೀರು ಎಲ್ಲಿಂದ ಬರುತ್ತದೆ, ಟಾಕಿ ಯಾವಾಗ ತೊಳೆದರು ಅಂತ ಕೇಳಲು ಸಂಕೋಚ ಬೇಡ.

ಈಗ ಸವಲತ್ತಿಗೆ ಬರೋಣ. ನೀನು ಜಾಸ್ತಿ ಕೇಳಿದ್ದು ಇದನ್ನೇ.

ಬರುತ್ತಿದ್ದ ಹಾಗೆ ನಿನಗೆ ಗೊತ್ತಾಗುವುದು ಕರೆಂಟ್ ಬಿಲ್. ಗೃಹಜ್ಯೋತಿಯ 200 ಯೂನಿಟ್ ಇಲ್ಲಿಲ್ಲ. ಮಹಾವಿತರಣದ ಬಿಲ್ ಪ್ರತಿ ತಿಂಗಳೂ ಕಟ್ಟಬೇಕು, ದರವೂ ಜಾಸ್ತಿ. ಶಕ್ತಿ ಯೋಜನೆ ಕರ್ನಾಟಕದ ಒಳಗೆ ಓಡಾಡಲು ಮಾತ್ರ. ಪುಣೆಯಿಂದ ಹುಬ್ಬಳ್ಳಿಗೆ ಹೋಗುವ ನಮ್ಮ ಬಸ್ಸಿನಲ್ಲಿ ನಿನಗೆ ಪೂರ್ತಿ ಟಿಕೆಟ್ ಆಗುತ್ತದೆ. ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೆಟ್ ಇದೆ, ಅದೂ ಅವರ ಗಡಿಯ ತನಕ ಅಷ್ಟೇ. ಊರೊಳಗೆ ಓಡುವ ಪಿಎಂಪಿಎಂಎಲ್ ಬಸ್ಸಿಗೆ ಆ ಅರ್ಧ ಟಿಕೆಟ್ ಅನ್ವಯಿಸುವುದಿಲ್ಲ.

ರೇಷನ್ ವಿಷಯದಲ್ಲಿ ಚಿಂತೆ ಬೇಡ. ಒಂದು ದೇಶ ಒಂದು ರೇಷನ್ ಕಾರ್ಡ್ ಪದ್ಧತಿಯಲ್ಲಿ ನಿಮ್ಮ ಬಿಪಿಎಲ್ ಕಾರ್ಡಿನ ನಂಬರಿಗೆ ಇಲ್ಲಿನ ಅಂಗಡಿಯಲ್ಲೂ ಧಾನ್ಯ ಕೊಡಬೇಕು. ಕೇಂದ್ರದ 5 ಕೆಜಿ ಮಾತ್ರ ಸಿಗುತ್ತದೆ, ಕರ್ನಾಟಕ ತನ್ನ ಕಡೆಯಿಂದ ಸೇರಿಸಿ ಕೊಡುವುದು ಇಲ್ಲಿ ಸಿಗುವುದಿಲ್ಲ. ಬರುವ ಮೊದಲು ಎಲ್ಲರ ಆಧಾರ್ ಜೋಡಣೆ, ಇಕೆವೈಸಿ ಗದಗದಲ್ಲೇ ಮುಗಿಸು. ಅತ್ತೆಯವರ ಬೆರಳಿನ ಗೆರೆ ಸವೆದಿದ್ದರೆ ಯಂತ್ರ ಹಿಡಿಯುವುದಿಲ್ಲ, ಆಗ ಬೇರೆಯವರು ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ಅಂಗಡಿಯವನು ಕರ್ನಾಟಕದ ಕಾರ್ಡ್ ನಡೆಯಲ್ಲ ಅಂದರೆ ವಾಪಸ್ ಬರಬೇಡ. ನಡೆಯುತ್ತದೆ ಅಂತ ಗಟ್ಟಿಯಾಗಿ ಹೇಳು.

ಗೃಹಲಕ್ಷ್ಮಿಯ 2,000 ರೂಪಾಯಿ ಅತ್ತೆಯವರ ಹೆಸರಿಗೆ ಬರುತ್ತಿದೆ, ಅದನ್ನು ಬಿಡಬೇಕಾ ಅಂತ ಕೇಳಿದ್ದೀಯ. ಅವರು ವರ್ಷದಲ್ಲಿ ಹೆಚ್ಚು ಕಾಲ ಗದಗದ ಮನೆಯಲ್ಲೇ ಇರುವುದಾದರೆ ಅದು ಅವರದೇ ಹಕ್ಕು, ಇರಲಿ. ಪೂರ್ತಿ ಇಲ್ಲಿಯವರೇ ಆದರೆ ಇಲ್ಲಿನ ಕಾರ್ಡಿಗೆ ಹೆಸರು ತರುವುದೇ ಸರಿ. ಇಲ್ಲಿನ ಲಾಡ್ಕಿ ಬಹೀಣ ಯೋಜನೆಯಲ್ಲಿ 21ರಿಂದ 65 ವಯಸ್ಸಿನ ಹೆಂಗಸರಿಗೆ ತಿಂಗಳಿಗೆ 1,500 ರೂಪಾಯಿ ಕೊಡುತ್ತಾರೆ. ಮನೆಯ ವರ್ಷದ ಆದಾಯ ಎರಡೂವರೆ ಲಕ್ಷದ ಒಳಗಿರಬೇಕು. ಆದರೆ ಮಹಾರಾಷ್ಟ್ರದವರು ಅಂತ ತೋರಿಸುವ ದಾಖಲೆ ಬೇಕು. ಆ ಡೊಮಿಸೈಲ್ ಸರ್ಟಿಫಿಕೇಟ್ ಸಿಗಲು ಇಲ್ಲಿ 15 ವರ್ಷ ವಾಸ ಮಾಡಿರಬೇಕು. ಗಂಡ ಇಲ್ಲಿಯವನಾದರೆ ಅವನ ದಾಖಲೆ ನಡೆಯುತ್ತದೆ, ನಿಮ್ಮಲ್ಲಿ ಇಬ್ಬರೂ ಗದಗದವರು. ಹಣ ಕೊಡಿ, ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಬಾಗಿಲು ಹಾಕು.

ಇಲ್ಲಿನ ಸೊಸೈಟಿಗಳಲ್ಲಿ ಈ ಹಣವನ್ನು ಬಿಟ್ಟಿ ಅಂತ ಹೀಯಾಳಿಸುವವರು ಬಹಳ. ಅದು ನನಗೆ ಸಿಟ್ಟು ತರಿಸುತ್ತದೆ. ನಮ್ಮ ಓಣಿಯಲ್ಲಿ ಪಾತ್ರೆ ತಿಕ್ಕುವ ಹೆಣ್ಣುಮಕ್ಕಳಿಗೆ ಆ ಹಣ ತಮ್ಮ ಸ್ವಂತ ಖಾತೆಗೆ ಬೀಳುತ್ತದೆ. ಮಕ್ಕಳ ಪುಸ್ತಕಕ್ಕೆ, ಕಣ್ಣಿನ ತಪಾಸಣೆಗೆ ಗಂಡನ ಮುಂದೆ ಕೈ ಚಾಚಬೇಕಾಗಿಲ್ಲ. ಚುನಾವಣೆ ನೋಡಿಕೊಂಡೇ ಕೊಟ್ಟರು ಅನ್ನುವುದೂ ನಿಜ ಇರಬಹುದು. ರಸ್ತೆಯನ್ನೂ ಚುನಾವಣೆ ನೋಡಿಕೊಂಡೇ ಮಾಡುತ್ತಾರಲ್ಲ, ಅದಕ್ಕೆ ಯಾರೂ ಬಿಟ್ಟಿ ಅನ್ನುವುದಿಲ್ಲ.

ನಿಮಗೆ ಇದೆಲ್ಲಕ್ಕಿಂತ ದೊಡ್ಡ ಸವಲತ್ತು ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ. ನೀನು ಅದರ ಬಗ್ಗೆ ಕೇಳಲೇ ಇಲ್ಲ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಮನೆಯವರ ಸಂಬಳದಲ್ಲಿ 0.75 ಪರ್ಸೆಂಟ್ ಹಿಡಿಯುತ್ತಾರೆ, ಕಂಪನಿ 3.25 ಪರ್ಸೆಂಟ್ ಹಾಕುತ್ತದೆ. ಅದರಲ್ಲಿ ನಿನಗೆ, ಮಗಳಿಗೆ, ಮಗನ ಆಸರೆಯಲ್ಲಿರುವ ಅತ್ತೆಯವರಿಗೆ ಎಲ್ಲರಿಗೂ ಚಿಕಿತ್ಸೆ ಇದೆ. ಚಿಂಚವಡದ ಮೋಹನನಗರದಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಚಾಕಣದಲ್ಲಿ ಬಹಳ ಕೆಲಸ ಗುತ್ತಿಗೆದಾರರ ಕೈಕೆಳಗೆ. ಕೆಲವು ಗುತ್ತಿಗೆದಾರರು ಹಣ ಹಿಡಿದು ಕಟ್ಟದೇ ಇರುವುದುಂಟು. ಮೊದಲ ಸಂಬಳದ ಚೀಟಿಯಲ್ಲೇ ಇಎಸ್‌ಐ ನಂಬರು, ಪಿಎಫ್‌ನ ಯುಎಎನ್ ನಂಬರು ನೋಡಿಕೊಳ್ಳಲು ಹೇಳು. ಹಿಂದಿನ ಕೆಲಸದ ನಂಬರು ಇದ್ದರೆ ಅದನ್ನೇ ಕೊಡಬೇಕು, ಹೊಸದು ಮಾಡಿಸಬಾರದು. ಪಿಎಫ್ ಹಣ ಜಮಾ ಆಗುತ್ತಿದೆಯಾ ಅಂತ ಮೊಬೈಲಿನಲ್ಲೇ ನೋಡಬಹುದು. ಇಎಸ್‌ಐ ಕೈಗೆ ಬರುವ ತನಕ ಪಿಂಪ್ರಿಯ ಸಂತ ತುಕಾರಾಮನಗರದಲ್ಲಿ ಪಾಲಿಕೆಯ ಯಶವಂತರಾವ್ ಚವಾಣ್ ಆಸ್ಪತ್ರೆ ಇದೆ, ಎಲ್ಲರೂ ವೈಸಿಎಂ ಅಂತಾರೆ. ಗದ್ದಲ ಇರುತ್ತದೆ, ಬೆಳಿಗ್ಗೆ ಬೇಗ ಹೋಗಬೇಕು.

ಇನ್ನು ಓಟು. ಇಲ್ಲಿಗೆ ತಾ. ವಾದವೇ ಬೇಡ. ಹೊಸ ಮನೆಗೆ ಬಂದ ಮೇಲೆ ಫಾರ್ಮ್ 8 ತುಂಬಿದರೆ ಹೆಸರು ಇಲ್ಲಿಗೆ ಬರುತ್ತದೆ, ಚುನಾವಣಾ ಆಯೋಗದ ಆ್ಯಪ್‌ನಲ್ಲೇ ಆಗುತ್ತದೆ. ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಊರ ಪಂಚಾಯಿತಿ ಚುನಾವಣೆಗೆ ಅಣ್ಣ ನಿಂತಿದ್ದಾನೆ, ನಮ್ಮ ಮನೆತನದ ಓಟು ಅಲ್ಲಿರಬೇಕು ಅಂತ ಮನೆಯಲ್ಲಿ ಹೇಳಿಯೇ ಹೇಳುತ್ತಾರೆ. ನನಗೂ ಹೇಳಿದ್ದರು. ಆದರೆ ನೋಡು, ಹಿಂಜವಡಿಗೆ ಐಟಿ ಪಾರ್ಕ್ ಬಂದು ಎರಡು ದಶಕ ಕಳೆದರೂ ಅದು ಗ್ರಾಮ ಪಂಚಾಯಿತಿಯಾಗಿಯೇ ಇತ್ತು. ಲಕ್ಷಗಟ್ಟಲೆ ಜನ ಅಲ್ಲಿ ದುಡಿಯುತ್ತಾರೆ, ಮಳೆಗಾಲದಲ್ಲಿ ರಸ್ತೆಗಳು ಕೆರೆಯಾಗುತ್ತವೆ, ಆದರೆ ಅವರಲ್ಲಿ ಬಹಳ ಜನರ ಓಟು ಅವರವರ ಊರಲ್ಲಿ. ಚಾಕಣದ್ದೂ ಅದೇ ಕಥೆ. ತಳೇಗಾವ್-ಚಾಕಣ ರಸ್ತೆಯಲ್ಲಿ ಲಾರಿಗಳ ನಡುವೆ ನಿಮ್ಮ ಮನೆಯವರು ಪಾಳಿ ಮುಗಿಸಿ ಬರಬೇಕು. ಆ ರಸ್ತೆ ಸರಿಯಾಗಬೇಕಾದರೆ ಅದರ ಮೇಲೆ ಓಡಾಡುವವರ ಓಟು ಇಲ್ಲಿರಬೇಕು. 2022ರ ಮಾರ್ಚಿನಲ್ಲಿ ಅವಧಿ ಮುಗಿದ ಮೇಲೆ ಪುಣೆ, ಪಿಂಪ್ರಿ-ಚಿಂಚವಡ ಎರಡೂ ಪಾಲಿಕೆಗಳಲ್ಲಿ ವರ್ಷಗಟ್ಟಲೆ ಆಯ್ಕೆಯಾದ ಸದಸ್ಯರೇ ಇರಲಿಲ್ಲ, ಅಧಿಕಾರಿಗಳೇ ನಡೆಸಿದರು. ಚರಂಡಿ ತುಂಬಿದರೆ ಯಾರ ಮನೆ ಬಾಗಿಲಿಗೆ ಹೋಗಬೇಕು ಅಂತ ತಿಳಿಯದ ಕಾಲ ಅದು. ಕಾರ್ಪೊರೇಟರ್ ಬೆಲೆ ನನಗೆ ಆಗ ಗೊತ್ತಾಯಿತು.

ಬೆಳಗಾವಿ ವಿಷಯ. ಭಯ ಪಡಬೇಡ, ಆದರೆ ತಿಳಿದುಕೊಂಡಿರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗಿನಿಂದ ಜಗಳ ಇದೆ. 1967ರಲ್ಲಿ ಮಹಾಜನ ಆಯೋಗ ಬೆಳಗಾವಿ ಕರ್ನಾಟಕದ್ದೇ ಅಂತ ವರದಿ ಕೊಟ್ಟಿತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ನಡುನಡುವೆ ಏಳುತ್ತದೆ. 2022ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. 2025ರ ಫೆಬ್ರುವರಿಯಲ್ಲಿ ಬೆಳಗಾವಿಯಲ್ಲಿ ಕಂಡಕ್ಟರ್ ಮೇಲೆ ಹಲ್ಲೆಯಾಗಿ ಎರಡೂ ಕಡೆಯ ಬಸ್ಸುಗಳು ಕೆಲವು ದಿನ ನಿಂತವು. ಅಂಥ ದಿನಗಳಲ್ಲಿ ಬಸ್ ಪ್ರಯಾಣ ಬಿಟ್ಟು ರೈಲು ಹಿಡಿ. ಪುಣೆ-ಹುಬ್ಬಳ್ಳಿ ವಂದೇ ಭಾರತ್ 2024ರ ಸೆಪ್ಟೆಂಬರಿನಿಂದ ಇದೆ, ಬೇರೆ ರೈಲುಗಳೂ ಇವೆ. ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ವಿಡಿಯೋಗಳನ್ನು ನೀನು ಮುಂದೆ ಕಳಿಸಬೇಡ, ಯಾರಾದರೂ ಕಳಿಸಿದರೆ ಉತ್ತರ ಕೊಡಬೇಡ. ಆದರೆ ಕನ್ನಡವನ್ನು ಮುಚ್ಚಿಡಬೇಡ. ಮಗಳ ಜೊತೆ ಬಸ್ಸಿನಲ್ಲಿ, ಮಂಡಿಯಲ್ಲಿ ಕನ್ನಡದಲ್ಲೇ ಮಾತಾಡು. ನನ್ನನ್ನು ಅದಕ್ಕಾಗಿ ಯಾರೂ ಇಲ್ಲಿ ತಡೆದಿಲ್ಲ. ಹಾಗೆಯೇ ಮರಾಠಿಯನ್ನು ಪ್ರೀತಿಯಿಂದ ಕಲಿ. ಮಗಳು ಯಾವ ಶಾಲೆಗೆ ಹೋದರೂ ಮರಾಠಿ ಕಲಿಯಲೇಬೇಕು, 2020ರಿಂದ ಕಾನೂನೇ ಹಾಗಿದೆ. ಅವಳ ಪಾಠದ ಜೊತೆ ನೀನೂ ಕೂತುಕೋ.

ಮೊಬೈಲಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಸರ್ಕಾರದ ಕೆಲಸಕ್ಕೆ ಎಷ್ಟು ಬೇಕಾದರೂ ಉಪಯೋಗಿಸು. ಡಿಜಿಲಾಕರ್‌ನಲ್ಲಿ ಎಲ್ಲ ದಾಖಲೆ ಇಟ್ಟುಕೋ. ಮಹಾರಾಷ್ಟ್ರ ಸರ್ಕಾರದ ಆಪಲೇ ಸರ್ಕಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಕಚೇರಿಯ ಎಷ್ಟೋ ಓಡಾಟ ತಪ್ಪುತ್ತದೆ. ಬಸ್ ಟಿಕೆಟ್, ಮೆಟ್ರೋ ಟಿಕೆಟ್ ಮೊಬೈಲಿನಲ್ಲೇ ಆಗುತ್ತದೆ. ಪಿಂಪ್ರಿಯಿಂದ ಸ್ವಾರಗೇಟ್ ತನಕ ಮೆಟ್ರೋ 2024ರ ಸೆಪ್ಟೆಂಬರಿನಲ್ಲಿ ಪೂರ್ತಿಯಾಯಿತು. ಆದರೆ ತರಕಾರಿ, ಹಾಲು, ಔಷಧಿ ಎಲ್ಲವನ್ನೂ ಆ್ಯಪ್‌ನಿಂದ ತರಿಸುವ ಅಭ್ಯಾಸ ಮಾಡಿಕೊಳ್ಳಬೇಡ. ಹಾಗೆ ಮಾಡಿದರೆ ಒಂದೇ ಒಂದು ಮರಾಠಿ ಮಾತಾಡದೆ, ಪಕ್ಕದ ಮನೆಯವರ ಮುಖ ನೋಡದೆ ಇಲ್ಲಿ ಹತ್ತು ವರ್ಷ ಕಳೆಯಬಹುದು. ಕಳೆದವರನ್ನು ನೋಡಿದ್ದೇನೆ. ಅತ್ತೆಯವರು ಹುಷಾರು ತಪ್ಪಿದ ರಾತ್ರಿ ಆಟೋ ಹುಡುಕಿಕೊಡುವುದು ಎದುರಿನ ತರಕಾರಿ ಮಾರುವ ಭಾಜಿವಾಲಿಯ ಮಗ, ಯಾವ ಆ್ಯಪ್ಪೂ ಅಲ್ಲ. ಅವಳ ಹತ್ತಿರ ಹೋಗಿ ಮೆಂತ್ಯೆ ಆರಿಸಿ ತಾ.

ರಜೆ ದಿನದ್ದು ಖುಷಿಯ ವಿಷಯ. ಹಣವಿಲ್ಲದೆ ಸಿಗುವ ಸುಖ ಅಂದರೆ ಪುಣೆಯ ಸುತ್ತಲಿನ ಗುಡ್ಡಗಳು. ಬೆಳಿಗ್ಗೆ ಬೆಳಕು ಹರಿಯುವ ಮುಂಚೆಯೇ ಇಲ್ಲಿನ ಜನ ಟೇಕಡಿ ಹತ್ತುತ್ತಾರೆ. ಎಂಬತ್ತು ದಾಟಿದ ಅಜ್ಜಂದಿರೂ ಇರುತ್ತಾರೆ. ನಮ್ಮ ನಿಗಡಿಯಲ್ಲಿ ದುರ್ಗಾ ಟೇಕಡಿ ಇದೆ, ಮಗಳನ್ನು ಕರೆದುಕೊಂಡು ಹೋಗಬಹುದು. ಪುಣೆ ಊರೊಳಗೆ ವೇತಾಳ ಟೇಕಡಿ. ಅದನ್ನು ಸೀಳಿ ರಸ್ತೆ, ಸುರಂಗ ಮಾಡುವ ಯೋಜನೆ ಬಂದಾಗ 2023ರಲ್ಲಿ ಬೆಳಗಿನ ವಾಕಿಂಗ್‌ನವರೇ ಬೀದಿಗಿಳಿದು ಮೆರವಣಿಗೆ ಮಾಡಿದರು. ಮುಂದೆ ಓಟು ಕೇಳಲು ಬಂದವರೂ ಟೇಕಡಿ ಬಗ್ಗೆ ಉತ್ತರ ಕೊಡಬೇಕಾಯಿತು. ಓಟು ಇಲ್ಲಿಗೆ ತಾ ಅಂತ ನಾನು ಹೇಳುವುದು ಇದಕ್ಕೇ.

ಮೊದಲ ದೊಡ್ಡ ತಿರುಗಾಟಕ್ಕೆ ಲೋಹಗಡ ಒಳ್ಳೆಯದು. ಆಕುರ್ಡಿಯಲ್ಲಿ ಲೋಣಾವಳಾ ಲೋಕಲ್ ಹತ್ತಿ ಮಳವಲಿಯಲ್ಲಿ ಇಳಿಯಬೇಕು. ದಾರಿಯಲ್ಲೇ ಭಾಜೆಯ ಗುಹೆಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು. 2025ರಲ್ಲಿ ಯುನೆಸ್ಕೋ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಲೋಹಗಡ ಅದರಲ್ಲಿ ಒಂದು. ಸಿಂಹಗಡ ಆ ಪಟ್ಟಿಯಲ್ಲಿಲ್ಲ, ಆದರೂ ಪುಣೆಯವರ ಪ್ರೀತಿಯ ಗಡ ಅದೇ. ಮೇಲೆ ಹತ್ತಿ ಜೋಳದ ಭಾಕ್ರಿ, ಪಿಠಲ, ಮಡಿಕೆಯ ಮೊಸರು ತಿಂದರೆ ನಿನಗೆ ಗದಗ ನೆನಪಾಗುತ್ತದೆ.

ಮಳೆಗಾಲದಲ್ಲಿ ಮಾತ್ರ ನೀರಿನ ಹತ್ತಿರ ಹೋಗಬೇಡಿ. ಇದನ್ನು ಮನೆಯವರಿಗೂ ಓದಿ ಹೇಳು. 2024ರ ಜೂನ್ 30ರಂದು ಲೋಣಾವಳಾದ ಭುಶಿ ಅಣೆಕಟ್ಟಿನ ಹತ್ತಿರ ಒಂದೇ ಕುಟುಂಬದ ಐದು ಜನ ಕೊಚ್ಚಿಹೋದರು. ಮರುವರ್ಷ ಜೂನ್ 15ರಂದು ತಳೇಗಾವ್ ಬಳಿ ಕುಂಡಮಳಾದಲ್ಲಿ ಇಂದ್ರಾಯಣಿಯ ಹಳೆಯ ಸೇತುವೆ ಜನರ ಭಾರಕ್ಕೆ ಕುಸಿದು ನಾಲ್ವರು ಸತ್ತರು. ಎರಡೂ ಭಾನುವಾರವೇ. ಮೇಲೆಲ್ಲೋ ಮಳೆ ಸುರಿದರೆ ಕೆಳಗೆ ನಿಂತವರಿಗೆ ಗೊತ್ತೇ ಆಗುವುದಿಲ್ಲ, ನೀರು ಒಮ್ಮೆಲೇ ಏರುತ್ತದೆ. ಗುಂಪಿನ ಜೊತೆ ಫೋಟೋ ತೆಗೆಯಲು ಸೇತುವೆ ಮೇಲೆ ನಿಲ್ಲಬೇಡಿ.

ಅತ್ತೆಯವರಿಗೆ ಬೇಜಾರಾಗುವುದಿಲ್ಲ. ಬಡಾವಣೆಗೊಂದು ಉದ್ಯಾನ ಇದೆ, ಸಂಜೆ ಹಿರಿಯರ ಸಂಘದವರು ಕೂಡುತ್ತಾರೆ, ಭಜನೆ ಇರುತ್ತದೆ. ಆಷಾಢದ ಮುಂಚೆ ತುಕಾರಾಮರ ಪಾಲಕಿ ದೇಹುವಿನಿಂದ ಹೊರಟು ಆಕುರ್ಡಿಯ ವಿಠ್ಠಲ ಗುಡಿಯಲ್ಲಿ ಇಳಿಯುತ್ತದೆ, ನಾನೇ ಕರೆದುಕೊಂಡು ಹೋಗುತ್ತೇನೆ. ಅವರ ಬಿಪಿ ಮಾತ್ರೆಯ ಚೀಟಿ, ಹಳೆಯ ರಿಪೋರ್ಟು ಎಲ್ಲ ಜೊತೆಗೆ ತಾ. ಮಗಳ ಲಸಿಕೆ ಕಾರ್ಡ್ ಕೂಡ. ಯಾವ ದಿನ ಹೊರಡುತ್ತೀರಿ ಅಂತ ತಿಳಿಸು, ಮನೆ ನೋಡಲು ನಾನೂ ಬರುತ್ತೇನೆ.