ಯಕ್ಷಗಾನ ನಡೆಯುವಾಗ ಪ್ರೇಕ್ಷಕನೊಬ್ಬ ರಾಜಕೀಯ ತೆಗೆದು ಕೂಗಿದರೆ, ವೇಷಧಾರಿ ತಿರುಗಿ ಜಗಳಕ್ಕೆ ನಿಲ್ಲಬೇಕಾ?

ಬೇಡ. ಉತ್ತರ ಕೊಡಲೇಬೇಕು ಅನ್ನಿಸಿದರೆ ಪಾತ್ರ ಬಿಡದೆ ಕೊಡಲಿ.

ಮೈಕು, ಬೆಳಕು, ಕಿರೀಟ ಎಲ್ಲ ವೇಷಧಾರಿಯ ಕಡೆ ಇವೆ. ಕುರ್ಚಿಯಲ್ಲಿ ಕೂತವನಿಗೆ ಬರೀ ಗಂಟಲು. ಬೊಟ್ಟು ಮಾಡಿ ಬೈದರೆ ಅದು ವಾದ ಆಗುವುದಿಲ್ಲ, ನಾಲ್ಕು ಜನರ ಎದುರು ಮರ್ಯಾದೆ ತೆಗೆದ ಹಾಗಾಗುತ್ತದೆ.

ಯಕ್ಷಗಾನಕ್ಕೆ ಇಲ್ಲಿ ಒಂದು ಅನುಕೂಲ ಜಾಸ್ತಿ. ಪದಗಳು, ಅಂದರೆ ಹಾಡುಗಳು, ಮೊದಲೇ ಬರೆದದ್ದು, ಮಾತು ಮಾತ್ರ ಕಲಾವಿದ ಅಲ್ಲೇ ಕಟ್ಟುವುದು. ಹಾಗಾಗಿ ಶಿರಸಿ, ಹೊನ್ನಾವರ ಕಡೆಯ ಆಟದಲ್ಲಿ ಹಾಸ್ಯಗಾರ ದೂತನಾಗಿಯೇ ‘ಮಹಾರಾಜ, ಪ್ರಜೆಯೊಬ್ಬನಿಗೆ ತಕರಾರಿದೆಯಂತೆ’ ಅಂದರೆ ಸಾಕು, ಕೂಗಿದವನೂ ನಕ್ಕುಬಿಡಬಹುದು. ಬಗ್ಗದಿದ್ದರೆ ಹಾಡುವ ಭಾಗವತರು ಮುಂದಿನ ಪದ ಎತ್ತಿಕೊಳ್ಳಲಿ. ಚಂಡೆ ಬಿದ್ದ ಮೇಲೆ ಯಾರ ಕೂಗು ಕೇಳುತ್ತದೆ, ಅಲ್ವಾ?

ಆಟ ಮುಗಿದು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಇಬ್ಬರೂ ಎಷ್ಟು ಬೇಕಾದರೂ ವಾದ ಮಾಡಲಿ. ಕೈ ಮಾಡುವ ಹಂತಕ್ಕೆ ಹೋದರೆ ಮಾತ್ರ ಅದು ಸಂಘಟಕರ ಕೆಲಸ.