ಮಡಿಕೇರಿ ಮಳೆಯಲ್ಲಿ ಝೀಬ್ರಾ ಗಿಡ ಉಳಿಸುವುದು ಹೇಗೆ?

ಪ್ರಶ್ನೆ: ಫೆಬ್ರವರಿಯಲ್ಲಿ ನರ್ಸರಿಯಿಂದ ಒಂದು ಪುಟ್ಟ ಗಿಡ ತಂದೆ. ಲೋಳೆಸರದ ಮರಿಯಂತಿದೆ, ಎಲೆ ಮೇಲೆ ಬಿಳಿ ಪಟ್ಟೆ. ಟಿವಿ ಪಕ್ಕ ಇಟ್ಟು ದಿನಾ ಸ್ವಲ್ಪ ನೀರು ಹಾಕುತ್ತಿದ್ದೆ. ಮೇ ತನಕ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಕೆಳಗಿನ ಎಲೆ ಹಳದಿಯಾಗಿ ಮೆತ್ತಗಾಗಿವೆ, ಗಿಡ ಅಲ್ಲಾಡುತ್ತಿದೆ. ಉಳಿಯುತ್ತಾ?
– ಓದುಗರು, ಮಡಿಕೇರಿ

ಉತ್ತರ: ನಡುವಿನ ಎಲೆಗಳನ್ನು ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಉಳಿಯುತ್ತದೆ, ಆದರೆ ಇವತ್ತೇ ಕೈ ಹಾಕಬೇಕು.

ಇದು ಹಾವರ್ಥಿಯಾ, ಬಿಳಿ ಪಟ್ಟೆಯಿಂದಾಗಿ ಝೀಬ್ರಾ ಗಿಡ ಅಂತಲೂ ಕರೆಯುತ್ತಾರೆ. ಲೋಳೆಸರದ ಕುಟುಂಬದ್ದೇ. ಇದರ ತವರು ದಕ್ಷಿಣ ಆಫ್ರಿಕಾದ ಒಣ ನೆಲ. ಅಲ್ಲಿ ಪೊದೆಗಳ ಬುಡದಲ್ಲಿ, ಅರೆ ನೆರಳಲ್ಲಿ ಬೆಳೆಯುತ್ತದೆ. ಸಿಕ್ಕ ನೀರನ್ನು ಎಲೆಯಲ್ಲೇ ತುಂಬಿಟ್ಟುಕೊಂಡು ವಾರಗಟ್ಟಲೆ ಅದರಲ್ಲೇ ಬದುಕುತ್ತದೆ. ಮಡಿಕೇರಿಯಲ್ಲೋ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಜುಲೈನಲ್ಲಿ ಒಗೆದ ಬಟ್ಟೆಯೇ ಮೂರು ದಿನವಾದರೂ ಒಣಗುವುದಿಲ್ಲ ಅಲ್ವಾ? ಕುಂಡದ ಮಣ್ಣೂ ಹಾಗೆಯೇ. ಫೆಬ್ರವರಿಯಲ್ಲಿ ನೀವು ಹಾಕಿದ ನೀರು ಹೇಗೋ ಆರುತ್ತಿತ್ತು. ಈಗ ಅಷ್ಟೇ ನೀರು ಬೇರಿನ ಸುತ್ತ ನಿಂತು ಕೊಳೆಸುತ್ತಿದೆ.

ಗಿಡವನ್ನು ಕಿತ್ತು ಮಣ್ಣೆಲ್ಲ ಉದುರಿಸಿ. ಒಳ್ಳೆ ಬೇರು ಬಿಳಿಯಾಗಿ, ದಪ್ಪಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಎಳೆದರೆ ಸಿಪ್ಪೆ ಜಾರಿ ನೂಲಿನಂಥ ಎಳೆ ಮಾತ್ರ ಕೈಗೆ ಬರುತ್ತದೆ. ಅದನ್ನೂ ಮೆತ್ತಗಾದ ಎಲೆಗಳನ್ನೂ ಶುದ್ಧ ಚಾಕುವಿನಿಂದ ತೆಗೆಯಿರಿ. ಬೇರು ಪೂರ್ತಿ ಹೋದರೂ ಹೆದರಬೇಡಿ. ಬುಡ ಗಟ್ಟಿ ಇದ್ದರೆ ಹೊಸ ಬೇರು ಬರುತ್ತದೆ. ಬುಡಕ್ಕೆ ಹತ್ತಿಯಂಥ ಬಿಳಿ ಅಂಟಿದ್ದರೆ ಅದು ಹಿಟ್ಟು ತಿಗಣೆ. ಕಾಫಿ ಬೆಳೆಯುವವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಹಳೆ ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ಇನ್ನು ಗಾಯ ಒಣಗಬೇಕು. ಈ ತೇವದಲ್ಲಿ ಒಂದು ವಾರ ಬೇಕಾದೀತು. ಅಡುಗೆಮನೆಯಲ್ಲಿ ಒಲೆಯ ಶಾಖ ನೇರ ತಾಗದ, ಆದರೆ ಬೆಚ್ಚಗಿರುವ ಕಪಾಟಿನ ಮೇಲೆ ಕಾಗದ ಹಾಸಿ ಇಡಿ. ವಾರವಿಡೀ ಮಣ್ಣಿಲ್ಲದೆ ಇದ್ದರೂ ಈ ಗಿಡಕ್ಕೆ ಏನೂ ಆಗುವುದಿಲ್ಲ.

ಮಣ್ಣಿನ ವಿಷಯದಲ್ಲಿ ನಮ್ಮ ಕಡೆ ಹೆಚ್ಚಿನವರು ಎಡವುತ್ತಾರೆ. ಕಾಫಿ ಸಸಿಗೆ ಹಾಕುವ ಕಾಡುಮಣ್ಣು, ಗೊಬ್ಬರ ಇದಕ್ಕೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಬೇಡ, ಅದು ನೀರು ಹಿಡಿದಿಡುತ್ತದೆ. ಒಂದು ಪಾಲು ಕಾಡುಮಣ್ಣಿಗೆ ಎರಡು ಪಾಲು ದಪ್ಪ ಮರಳು ಮತ್ತು ಕಡಲೆ ಗಾತ್ರದ ಇಟ್ಟಿಗೆ ಚೂರು ಬೆರೆಸಿ. ಇಟ್ಟಿಗೆ ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ. ಕುಂಡ ಮಣ್ಣಿನದೇ ಆಗಲಿ, ಮೂರ್ನಾಲ್ಕು ಇಂಚು ಸಾಕು, ತಳದಲ್ಲಿ ತೂತು ಇರಲೇಬೇಕು. ನಿಮ್ಮ ಗಿಡ ಈಗ ಚೆಂದದ ಪಿಂಗಾಣಿ ಪಾಟ್‌ನೊಳಗೆ ಇದ್ದರೆ ಎತ್ತಿ ನೋಡಿ. ತಳದಲ್ಲಿ ನೀರು ನಿಂತಿರಬಹುದು.

ನೆಟ್ಟ ಮೇಲೆ ಹತ್ತು ದಿನ ನೀರು ಹಾಕಬೇಡಿ. ಆಮೇಲೂ ದಿನ ಲೆಕ್ಕ ಹಾಕಿ ಕೊಡಬೇಡಿ. ಉರಿದು ಉಳಿದ ಊದುಬತ್ತಿ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿದ್ದರೆ ಬೇಡ, ಒಣಗಿ ಬಂದರೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಎರಡು ಚಮಚ ಕೊಟ್ಟರೂ ಜಾಸ್ತಿಯೇ. ಎಲೆ ತೆಳುವಾಗಿ ಒಳಗೆ ಮುದುರಿದರೆ ಮಾತ್ರ ಅದಕ್ಕೆ ಬಾಯಾರಿದೆ ಎಂದು ಅರ್ಥ. ಟಿವಿ ಪಕ್ಕದಿಂದ ಎತ್ತಿ ಕಿಟಕಿ ಹತ್ತಿರ ಇಡಿ, ಎರಚಲು ಮಾತ್ರ ತಾಗದಿರಲಿ.

ಪ್ರಶ್ನೆ: ನನ್ನ ಝೀಬ್ರಾ ಗಿಡದ ಎಲೆ ಕೆಂಪಗಾಗಿ ತುದಿ ಒಣಗಿದೆ. ಟೆರೇಸ್ ಮೇಲಿದೆ. ಪಕ್ಕದಲ್ಲಿ ಎರಡು ಮರಿ ಬಂದಿವೆ, ಬೇರೆ ಮಾಡಬಹುದಾ?
– ಓದುಗರು, ಕುಶಾಲನಗರ

ಉತ್ತರ: ಬಿಸಿಲು ಜಾಸ್ತಿಯಾಗಿದೆ. ನಿಮ್ಮಲ್ಲಿ ಮಳೆ ಮಡಿಕೇರಿಗಿಂತ ತುಂಬಾ ಕಡಿಮೆ, ಟೆರೇಸ್ ಮೇಲೆ ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತದೆ. ಬೆಳಗಿನ ಬಿಸಿಲು ಮಾತ್ರ ಬೀಳುವ ಜಗಲಿಗೆ ತನ್ನಿ. ಕೆಲವು ವಾರಗಳಲ್ಲಿ ಹಸಿರು ಮರಳುತ್ತದೆ. ಒಣಗಿದ ತುದಿ ಮಾತ್ರ ಹಾಗೆಯೇ ಉಳಿಯುತ್ತದೆ.

ಮರಿಗೆ ಸ್ವಂತ ಬೇರು ಬಂದಿದೆಯಾ ಎಂದು ಮಣ್ಣು ಸರಿಸಿ ನೋಡಿ. ಬಂದಿದ್ದರೆ ತಿರುಚಿ ಬಿಡಿಸಿ, ಎರಡು ದಿನ ನೆರಳಲ್ಲಿ ಒಣಗಿಸಿ ನೆಡಿ. ಮಳೆಗಾಲದಲ್ಲಿ ಈ ಕೆಲಸ ಬೇಡ, ಅಕ್ಟೋಬರ್ ಆಗಲಿ. ಬೆಕ್ಕು ನಾಯಿ ಇರುವ ಮನೆಯಲ್ಲೂ ಧೈರ್ಯವಾಗಿ ಇಡಬಹುದು, ಈ ಗಿಡ ಅವಕ್ಕೆ ವಿಷವಲ್ಲ.